ಬಾಕಿ ಹನ್ನೆರಡು ವೇಷ

"ಬಾಕಿ ಹನ್ನೆರಡು ವೇಷ ಎಲ್ಲಿಟ್ಟಿದ್ದೀಯಮ್ಮ?"

ಮೇಷ್ಟ್ರು ಹೀಗೆ ಕೇಳಿದಾಗ ಲಾಡಿಯಕ್ಕ ಹೆಗಲ ಚೀಲವನ್ನೂ ಇಳಿಸಿರಲಿಲ್ಲ. ಕಣ್ಣಿನ ಆಪರೇಷನ್ ಆದ ಅಕ್ಕನ ಮನೆಯಲ್ಲಿ ನಾಲ್ಕು ದಿನ ಇದ್ದು, ಬಸ್ಸಿಳಿದವಳು ಮನೆಗೂ ಹೋಗದೆ ನೇರವಾಗಿ ನಾಟಕದ ಹಾಲ್‌ಗೆ ಬಂದಿದ್ದಳು. ಪ್ರದರ್ಶನ ನಾಲ್ಕು ಗಂಟೆಗೆ, ಆಗಲೇ ಹನ್ನೆರಡು ದಾಟಿತ್ತು. ನಾಟಕ ಆಡಿಸುವ ಮೇಷ್ಟ್ರು ಬಣ್ಣದ ಕೋಣೆಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅವರ ಹಿಂದೆ ಕಬ್ಬಿಣದ ಕಂಬಿಗೆ ಒಂಬತ್ತು ಹ್ಯಾಂಗರು. ಒಂದೊಂದರಲ್ಲೂ ಒಂದೊಂದು ವೇಷ, ಒಂದೊಂದರ ಕೊರಳಿಗೂ ನಂಬರು ಬರೆದ ರಟ್ಟಿನ ಚೀಟಿ.

"ಯಾವ ಹನ್ನೆರಡು?" ಎಂದಳು.

"ಇಪ್ಪತ್ತೊಂದರಲ್ಲಿ ಒಂಬತ್ತು ಪೆಟ್ಟಿಗೇಲಿ ಸಿಕ್ತು. ಬಾಕಿ ಮನೆಗೆ ತಗೊಂಡು ಹೋಗಿದ್ದೀಯೇನೋ ಅಂತ ಕೇಳಿದೆ. ತಪ್ಪು ಅಂತ ಹೇಳ್ತಿಲ್ಲ ಕಣಮ್ಮ. ಈಗ ತಂದುಬಿಟ್ರೆ ಸಾಕು, ನಾನು ಯಾರಿಗೂ ಹೇಳಲ್ಲ."

ಆ 'ಯಾರಿಗೂ ಹೇಳಲ್ಲ' ಎಂಬ ಮಾತು ತಲೆಗೆ ಹೋಗುವುದಕ್ಕೆ ಅವಳಿಗೆ ಒಂದು ಗಳಿಗೆ ಹಿಡಿಯಿತು. ಹೋದ ಮೇಲೆ ಮೈಯೆಲ್ಲ ಉರಿದು ಹೋಯಿತು. ಹದಿನಾಲ್ಕು ವರ್ಷ ಈ ತಂಡದ ಬಟ್ಟೆ ನೋಡಿಕೊಂಡವಳನ್ನು ಈ ಮನುಷ್ಯ ಕಳ್ಳಿ ಎನ್ನುತ್ತಿದ್ದಾನೆ, ಅದೂ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವನ ಹಾಗೆ.

ಲಾಡಿಯಕ್ಕ ಎಂಬುದು ತಂಡದವರು ಇಟ್ಟ ಹೆಸರು. ಗುಂಡಿ, ಹುಕ್ಕು, ಜಿಪ್ಪು ಕಂಡರೆ ಅವಳಿಗೆ ಆಗದು. ಕತ್ತಲಲ್ಲಿ ಗುಂಡಿಗೆ ತೂತು ಹುಡುಕುವಷ್ಟರಲ್ಲಿ ಜನ ಎದ್ದು ಮನೆಗೆ ಹೋಗಿರುತ್ತಾರೆ ಎನ್ನುತ್ತಿದ್ದಳು. ಅವಳು ಹೊಲಿದದ್ದಕ್ಕೆಲ್ಲ ಲಾಡಿಯೇ. ಕಟ್ಟಿದರೆ ನಿಂತಿತು, ಎಳೆದರೆ ಕಳಚಿತು.

ಪೆಟ್ಟಿಗೆಯಲ್ಲಿ ಇದ್ದದ್ದು ಮೂವತ್ತೆರಡು ತುಂಡು ಬಟ್ಟೆ, ಅಷ್ಟೇ. ತಂಡದ ಕೈ ಹುಟ್ಟಿದಾಗಿನಿಂದ ಬಿಗಿ. ಒಂದೊಂದು ಪಾತ್ರಕ್ಕೆ ಒಂದೊಂದು ವೇಷ ಹೊಲಿಸುವುದು ಕನಸಿನಲ್ಲೂ ಆಗದ ಮಾತಾಗಿತ್ತು. ಹಾಗಾಗಿ ಅವಳು ತನ್ನ ಮನೆಯ ಬಾಗಿಲ ಪರದೆ ಇಳಿಸಿದ್ದಳು, ಆಸ್ಪತ್ರೆಯವರು ಬೇಡವೆಂದು ಹೊರಗೆಸೆದ ಹಸಿರು ಹಾಸುಬಟ್ಟೆ ಎತ್ತಿಕೊಂಡು ಬಂದಿದ್ದಳು, ನೆಂಟರ ಮನೆಗಳ ಬೀರು ಜಾಲಾಡಿ ಹಳೆಯ ಲಂಗ, ಹಳೆಯ ಶಾಲು ಕಸಿದುಕೊಂಡಿದ್ದಳು. ನಾಟಕದಲ್ಲಿ ಒಬ್ಬ ಹೆಂಗಸು ಒಂದು ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುತ್ತಾಳೆ. ಅವಳಿಗೆ ಎದುರಾಗುವ ಇಡೀ ಊರನ್ನು ಉಳಿದ ಐದು ಜನ ಆಗಬೇಕು. ಐವರಿಗೂ ಒಂದೇ ಬೂದಿ ಬಣ್ಣದ ಅಂಗಿ, ಪ್ಯಾಂಟು. ಅದರ ಮೇಲೆ ಪದರ ಪದರವಾಗಿ ಇಪ್ಪತ್ತು ಜನ ಏಳಬೇಕು.

ಬಾಗಿಲ ಪರದೆಯ ಕಂದು ನಿಲುವಂಗಿಯನ್ನೇ ತೆಗೆದುಕೊಳ್ಳಿ. ತೋಳು ಕಟ್ಟಿದರೆ ನ್ಯಾಯಾಧೀಶ. ತೋಳಿನ ಲಾಡಿ ಎಳೆದು ನಡುವಿಗೆ ಬೆಲ್ಟ್ ಬಿಗಿದರೆ ಕಿರಾಣಿ ಅಂಗಡಿಯವನು. ಒಳಮೈ ಹೊರಗೆ ಮಾಡಿದರೆ ಹಸಿರು, ಆಗ ಅದು ಡಾಕ್ಟರದು. ಬಿಚ್ಚಿಟ್ಟ ತೋಳೆರಡನ್ನೇ ಬೂದಿ ಅಂಗಿಯ ಮೇಲೆ ಏರಿಸಿದರೆ ಶಾಯಿ ಅಂಟದಂತೆ ತೋಳಿಗೆ ಕವಚ ಹಾಕಿಕೊಂಡ ಗುಮಾಸ್ತ. ಒಂದು ಲಂಗ ಸೊಂಟಕ್ಕೆ ಬಂದರೆ ಕೆಲಸದವಳು, ಕೊರಳಿಗೆ ಬಂದರೆ ಕಾವಲುಗಾರನ ಹೊದಿಕೆ, ತಲೆಗೆ ಬಂದರೆ ಮುದುಕಿಯ ಮುಸುಕು. ಒಬ್ಬನ ಮೈಯಿಂದ ಇಳಿದ ಬಟ್ಟೆ ನೆಲ ಮುಟ್ಟುವಂತಿರಲಿಲ್ಲ. ಅವಳ ಎಡ ಹೆಗಲಿಗೆ ಬಂದು, ಅಲ್ಲೇ ತಿರುವುಮುರುವಾಗಿ ಇನ್ನೊಬ್ಬನ ಮೈ ಏರುತ್ತಿತ್ತು.

ಇದನ್ನು ನೋಡಿದವರು ಯಾರು? ನಟರು ಪರದೆಯ ಹಿಂದೆ ಓಡಿ ಬಂದು ತೋಳೆತ್ತಿ ನಿಲ್ಲುತ್ತಿದ್ದರು. ಬಾಯಿ ಮುಂದಿನ ಮಾತನ್ನು ಮಣಮಣ ಎನ್ನುತ್ತಿತ್ತು, ಕಣ್ಣು ರಂಗದ ಬೆಳಕಿನ ಮೇಲಿರುತ್ತಿತ್ತು. ತಮ್ಮ ಮೈಯಿಂದ ಇಳಿದದ್ದು ಎಲ್ಲಿಗೆ ಹೋಯಿತು ಎಂದು ತಿರುಗಿ ನೋಡಿದ ಪುಣ್ಯಾತ್ಮ ಒಬ್ಬನೂ ಇಲ್ಲ. ಇನ್ನು ಮೇಷ್ಟ್ರು ಮೊದಲ ಸಾಲಿನ ನಡುವಿನ ಕುರ್ಚಿ ಬಿಟ್ಟು ಎದ್ದವರೇ ಅಲ್ಲ. ಅಲ್ಲಿಂದ ಅವರಿಗೆ ಇಪ್ಪತ್ತೊಂದು ವೇಷ ಕಾಣುತ್ತಿತ್ತು. ಆದ್ದರಿಂದ ಪೆಟ್ಟಿಗೆಯಲ್ಲಿ ಇಪ್ಪತ್ತೊಂದು ವೇಷ ಇದೆ ಎಂದೇ ಅವರು ಹದಿನಾಲ್ಕು ವರ್ಷ ನಂಬಿಕೊಂಡಿದ್ದರು.

ಲಾಡಿಯಕ್ಕ ಕಂಬಿಯ ಹತ್ತಿರ ಹೋಗಿ ಮೊದಲ ಹ್ಯಾಂಗರನ್ನು ಮುಟ್ಟಿದಳು. ಕಂದು ನಿಲುವಂಗಿ. ಲಾಡಿಗಳು ಇರಲಿಲ್ಲ. ಲಾಡಿ ಇದ್ದ ಜಾಗದಲ್ಲೆಲ್ಲ ಮಷಿನ್ನಿನ ಜೋಡಿ ಹೊಲಿಗೆ ಓಡಿತ್ತು. ತೋಳು ಹೆಗಲಿಗೆ ಕೂಡಿತ್ತು, ಬಿಳಿ ಕಾಲರು ಕೊರಳಿಗೆ ಕೂಡಿತ್ತು, ಒಳಗಿನ ಬೂದಿ ಅಂಗಿ ಸಹ ನಿಲುವಂಗಿಗೆ ಅಂಟಿಕೊಂಡು ಎಲ್ಲ ಸೇರಿ ಒಂದೇ ಗಟ್ಟಿ ನ್ಯಾಯಾಧೀಶನಾಗಿತ್ತು.

"ಯಾರು ಮಾಡಿದ್ದು ಇದನ್ನ?"

"ಪೇಟೆ ದರ್ಜಿ," ಎಂದರು ಮೇಷ್ಟ್ರು, ಬೆನ್ನು ತಟ್ಟಿಸಿಕೊಳ್ಳಲು ನಿಂತವರ ಹಾಗೆ. "ನಾಟಕದ ಫೋಟೋ ಕೊಟ್ಟಿದ್ದೆ. ಫೋಟೋದಲ್ಲಿ ಇರೋ ಹಾಗೇ ಒಂದೊಂದು ವೇಷಾನೂ ಕೂಡಿಸಿ ಹೊಲಿದುಬಿಡು ಅಂದೆ. ಒಂಬತ್ತು ಹೊಲಿದ, ಆಮೇಲೆ ಬಟ್ಟೆ ಮುಗೀತಂತೆ. ಉಳಿದದ್ದು ಕಳಿಸಿ ಅಂತ ಚೀಟಿ ಬರೆದಿದ್ದಾನೆ ನೋಡು. ಅದಕ್ಕೇ ಕೇಳಿದ್ದು, ಬಾಕಿ ಹನ್ನೆರಡು..."

"ಯಾಕೆ ಹೊಲಿಸಿದ್ರಿ?"

ಮೇಷ್ಟ್ರು ಕೆಮ್ಮಿದರು. ನಾಳೆ ಬೆಳಿಗ್ಗೆ ತಂಡ ಆರು ತಿಂಗಳ ಸುತ್ತಾಟಕ್ಕೆ ಹೊರಡುವುದಿತ್ತು. ಇಷ್ಟು ವರ್ಷದಲ್ಲಿ ಊರು ದಾಟಿ ಆಡಲು ಕರೆ ಬಂದದ್ದು ಇದೇ ಮೊದಲು. ಲಾಡಿಯಕ್ಕ ಒಂದು ತಿಂಗಳಿಂದ ಅದೇ ಗುಂಗಿನಲ್ಲಿದ್ದಳು. ಮಂಡಿ ನೋವಿಗೆ ಪಟ್ಟಿ ತಂದುಕೊಂಡಿದ್ದಳು, ತನ್ನ ಬಟ್ಟೆಯ ಗಂಟು ಕಟ್ಟಿಟ್ಟಿದ್ದಳು, ತಾನು ಕಾಣದ ಊರುಗಳ ಹೆಸರು ಬಾಯಿಪಾಠ ಮಾಡಿದ್ದಳು.

"ವ್ಯಾನಲ್ಲಿ ಏಳೇ ಸೀಟು ಕಣಮ್ಮ. ನಟರು ಆರು ಜನ, ನಾನೊಬ್ಬ. ವೇಷ ಎಲ್ಲ ರೆಡಿ ಇದ್ರೆ ಹ್ಯಾಂಗರಿಂದ ತೆಗೆದು ಹಾಕ್ಕೊಂಡ್ರೆ ಆಯ್ತು. ಲಾಡಿ ಕಟ್ಟೋಕೆ ಅಂತ ಒಬ್ಬರನ್ನ ಹೊತ್ಕೊಂಡು ತಿರುಗೋದು ಯಾಕೆ ಅಂತ. ನಿನಗೂ ವಯಸ್ಸಾಯ್ತು. ನಿಮ್ಮ ಯಜಮಾನರೂ ಒಪ್ಪಿದ್ರು. ಪೆಟ್ಟಿಗೆ ದರ್ಜಿ ಹತ್ರ ಹೊತ್ಕೊಂಡು ಹೋಗಿದ್ದೇ ಅವರು."

ಯಜಮಾನರು ಮೂಲೆಯಲ್ಲಿ ಕನ್ನಡಿಯ ಮುಂದೆ ಕೂತು, ಯಾವತ್ತೂ ಬಾಚದ ತಲೆಯನ್ನು ಬಾಚಿಕೊಳ್ಳುತ್ತಿದ್ದರು. ತಂಡದ ಮುಖ್ಯ ನಟ ಅವಳ ಗಂಡ. ಏಳು ಪಾತ್ರ ಅವನೊಬ್ಬನದೇ.

"ರೀ," ಎಂದಳು ಲಾಡಿಯಕ್ಕ.

"ನಿನ್ನ ಮಂಡಿಗೋಸ್ಕರ ಕಣೇ," ಎಂದ ಅವನು ಕನ್ನಡಿಯೊಳಗಿನಿಂದಲೇ. "ಆರು ತಿಂಗಳು ಎಲ್ಲಿ ಒದ್ದಾಡ್ತೀಯ. ಮನೇಲಿ ಹಾಯಾಗಿರು ಅಂತ."

"ಕೇಳಿದ್ರಾ ನನ್ನ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

ಇಷ್ಟು ಸಲೀಸಾಗಿ ಬಂತು ಉತ್ತರ. ಮೇಷ್ಟ್ರು ಮುಂದೆ ಕೂರುವವರು, ಹಿಂದೆ ನಡೆಯುವುದು ಗೊತ್ತಿಲ್ಲ, ಸರಿ. ಇವನ ಮೈಗೆ ನಾನು ಆ ನಿಲುವಂಗಿಯನ್ನು ಒಂದು ಪ್ರದರ್ಶನಕ್ಕೆ ಮೂರು ಸಲ ತಿರುವಿ ಹಾಕಿದ್ದೇನೆ. ಒಂದೇ ಬಟ್ಟೆ ಎಂದು ಇವನ ಚರ್ಮಕ್ಕಾದರೂ ತಿಳಿಯಬೇಡವೇ? ತಿಳಿದಿರಲಿಲ್ಲ. ಅವಳಿಗೆ ಅತ್ತುಬಿಡುವಷ್ಟು ಸಿಟ್ಟು ಬಂತು, ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಚೀಲ ಹೆಗಲಿಗೇರಿಸಿ ಹೊರಟೇಬಿಡೋಣ ಎಂದು ಬಾಗಿಲವರೆಗೂ ಹೋದಳು. ನ್ಯಾಯಾಧೀಶ ಒಬ್ಬನೇ ಇಪ್ಪತ್ತು ಜನರ ಕೆಲಸ ಮಾಡಿಕೊಳ್ಳಲಿ. ಆದರೆ ನಾಟಕ ನಿಂತುಹೋದರೆ ನಾಳೆ ಊರು ಏನು ಹೇಳುತ್ತದೆ? ಹನ್ನೆರಡು ವೇಷ ಮನೆಯಲ್ಲಿ ಬಚ್ಚಿಟ್ಟುಕೊಂಡು ತಂಡವನ್ನು ಮುಳುಗಿಸಿದಳು ಎನ್ನುತ್ತದೆ. ಆ ಮಾತು ಸಾಯುವವರೆಗೂ ಬೆನ್ನು ಬಿಡುವುದಿಲ್ಲ. ಅವಳು ಬಾಗಿಲಿಂದ ತಿರುಗಿ ಬಂದಳು.

"ಹನ್ನೆರಡು ವೇಷ ಬೇಕು ತಾನೇ ಮೇಷ್ಟ್ರೇ? ಕೊಡ್ತೀನಿ. ಎಲ್ಲಿಂದ ಬರುತ್ತೆ ಅಂತ ಇವತ್ತು ಒಂದು ದಿನ ಪರದೆ ಹಿಂದೆ ನಿಂತು ನೋಡಿ."

"ನಾನು ಮುಂದೆ ಕೂರಬೇಕಮ್ಮ. ತಪ್ಪು ಗೊತ್ತಾಗೋದೇ ಅಲ್ಲಿಂದ," ಎಂದು ಮೇಷ್ಟ್ರು ಊಟಕ್ಕೆ ಹೋದರು.

ಲಾಡಿಯಕ್ಕ ಒಂಬತ್ತೂ ಹ್ಯಾಂಗರನ್ನು ಕಂಬಿಯಿಂದ ಕಿತ್ತು ನೆಲಕ್ಕೆ ಹಾಕಿದಳು. ಬ್ಲೇಡುಗಳನ್ನು ನಡುವೆ ಮುರಿದಿಟ್ಟು ಒಂದು ಅರ್ಧ ತಾನು ಹಿಡಿದು ಕೂತಳು. ಆ ಹೊತ್ತಿಗೆ ನಟರು ಒಬ್ಬೊಬ್ಬರಾಗಿ ಬಂದರು. ಅರ್ಜಿ ಹಿಡಿದ ಹೆಂಗಸಿನ ಪಾತ್ರ ಮಾಡುವವಳು ಮೂರೂವರೆ ಅಡಿಗಿಂತ ಸ್ವಲ್ಪವೇ ಉದ್ದ, ಎಲ್ಲರೂ ಅವಳನ್ನು ಚೋಟಿ ಎನ್ನುತ್ತಿದ್ದರು. ಹೊಟ್ಟೆಯೇ ಮೊದಲು ಕೋಣೆಯೊಳಗೆ ಬರುವವನು ಡೊಳ್ಳ. ನೆಲದ ಮೇಲಿನ ರಾಶಿ ನೋಡಿ ಡೊಳ್ಳ ಕೇಳಿದ, "ಏನಕ್ಕ ಇದು, ನನ್ನ ಕಾವಲುಗಾರನ ಹೊದಿಕೆ ಕೆಲಸದವಳ ಲಂಗದ ಥರ ಕಾಣ್ತಿದೆ?"

"ಕಾಣೋದಲ್ಲ. ಅದೇ ಅದು."

"ಹದಿನಾಲ್ಕು ವರ್ಷದಿಂದ?"

"ಹದಿನಾಲ್ಕು ವರ್ಷದಿಂದ. ಕೂತ್ಕೊ, ಬಿಚ್ಚು."

ಡೊಳ್ಳ ಕೂತ. ಚೋಟಿಯೂ ಕೂತಳು. ಉಳಿದ ಮೂವರಿಗೆ ಹಳೆಯ ಲಾಡಿ ಹುಡುಕಿ ತರುವ ಕೆಲಸ ಬಿತ್ತು. ದರ್ಜಿ ಒಳ್ಳೆಯ ಕೆಲಸಗಾರ, ಅದೇ ಗ್ರಹಚಾರ. ಕಚ್ಚಾ ಹೊಲಿಗೆಯಾಗಿದ್ದರೆ ಒಂದು ನೂಲು ಎಳೆದರೆ ಬಂದುಬಿಡುತ್ತಿತ್ತು. ಇವನು ಆರು ತಿಂಗಳು ಬಾಳಬೇಕು ಎಂದು ಎದೆಗೆ ಹಚ್ಚಿಕೊಂಡು ಹೊಲಿದಿದ್ದ. ಒಂದೊಂದು ಹೊಲಿಗೆಗೂ ಬ್ಲೇಡಿನ ತುದಿ ತೂರಿಸಬೇಕು, ಬಟ್ಟೆಗೆ ತಾಗಬಾರದು. ಗಂಡ ಎರಡು ಸಲ ಹತ್ತಿರ ಬಂದು ನಿಂತ. ಲಾಡಿಯಕ್ಕ ತಲೆ ಎತ್ತಲಿಲ್ಲ. ಅವಳ ಬೆರಳು ಎರಡು ಕಡೆ ಕೊಯ್ದಿತ್ತು. ಒಂದೊಂದು ನೂಲು ಕತ್ತರಿಸಿದಾಗಲೂ ಮನಸ್ಸಿನಲ್ಲಿ ಇಬ್ಬರನ್ನೂ ಸರದಿಯ ಮೇಲೆ ಬೈಯುತ್ತಿದ್ದಳು, ಒಂದು ನೂಲಿಗೆ ಮೇಷ್ಟ್ರು, ಒಂದು ನೂಲಿಗೆ ಗಂಡ.

ನಾಲ್ಕು ಹೊಡೆದಾಗ ಒಂಬತ್ತರಲ್ಲಿ ಐದು ಬಿಚ್ಚಿತ್ತು. ಹಾಲ್ ತುಂಬಿತ್ತು, ಮೇಷ್ಟ್ರು ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ನಾಟಕ ಶುರುವಾಯಿತು.

ಆವತ್ತಿನ ಒಂದೂಮುಕ್ಕಾಲು ಗಂಟೆ ಪರದೆಯ ಹಿಂದೆ ನಡೆದದ್ದೇ ಬೇರೆ ನಾಟಕ. ಲಾಡಿಯಕ್ಕನ ಎಡ ಹೆಗಲಿನ ಮೇಲೆ ಬಟ್ಟೆ, ಬಲಗೈಯಲ್ಲಿ ಬ್ಲೇಡು. ರಂಗದ ಮೇಲೆ ಚೋಟಿ ಗುಮಾಸ್ತನ ಕೈಕಾಲು ಹಿಡಿಯುತ್ತಿದ್ದರೆ, ಹಿಂದೆ ಅವಳು ಮುಂದಿನ ದೃಶ್ಯದ ಮುದುಕಿಯನ್ನು ಕಾವಲುಗಾರನಿಂದ ಕತ್ತರಿಸಿ ತೆಗೆಯುತ್ತಿದ್ದಳು. ಲಾಡಿ ಸಿಗದ ಕಡೆ ಪಿನ್ನು, ಪಿನ್ನೂ ಇಲ್ಲದ ಕಡೆ ಬರೀ ಗಂಟು. ಯಾರೂ ತಡವಾಗಲಿಲ್ಲ.

ನಿಲುವಂಗಿ ಮಾತ್ರ ಮೊಂಡು ಹಿಡಿಯಿತು. ನ್ಯಾಯಾಧೀಶನ ದೃಶ್ಯ ಮುಗಿಸಿ ಗಂಡ ಪರದೆಯ ಹಿಂದಕ್ಕೆ ಬಂದ. ಅರವತ್ತು ಎಣಿಸುವುದರೊಳಗೆ ಅವನೇ ಹಸಿರು ಡಾಕ್ಟರಾಗಿ ಮತ್ತೆ ರಂಗಕ್ಕೆ ಹೋಗಬೇಕಿತ್ತು. ಒಂದು ಕೈ ಹೊರಗೆಳೆದ, ಇನ್ನೊಂದು ಬರಲಿಲ್ಲ. ಒಳಗಿನ ಬೂದಿ ಅಂಗಿ ಅಲ್ಲಿ ಇನ್ನೂ ಹೊಲಿದೇ ಇತ್ತು. ತಲೆಯ ಮೇಲಿಂದ ಎಳೆಯಲು ಹೋಗಿ ಮುಖವೆಲ್ಲ ಬಟ್ಟೆಯೊಳಗೆ ಸಿಕ್ಕಿಕೊಂಡು, "ಕೊಯ್ಯೇ, ಬೇಗ ಕೊಯ್ಯೇ," ಎಂದು ಒಳಗಿಂದ ಗೊಣಗಿದ. ಕೊಯ್ದರೆ ನಿಲುವಂಗಿ ಹರಿಯುತ್ತಿತ್ತು. ಲಾಡಿಯಕ್ಕ ಅವನನ್ನು ಹಾಗೇ ಬಿಟ್ಟು ಡೊಳ್ಳನ ಕಡೆ ತಿರುಗಿದಳು.

"ಡಾಕ್ಟರ ಮಾತು ನಿನಗೆ ಬರುತ್ತಾ?"

"ಇಷ್ಟು ವರ್ಷ ಕೇಳಿದ್ದೀನಲ್ಲಕ್ಕ. ಎಲ್ಲರದ್ದೂ ಬರುತ್ತೆ."

ಅಡುಗೆಯವನ ಬಿಳಿ ಮುಂಗವಸನ್ನು ಹಿಂದುಮುಂದಾಗಿ ಡೊಳ್ಳನ ಮೈಗೆ ಕಟ್ಟಿ, ಹಸಿರು ಚೂರೊಂದನ್ನು ಮೂಗಿನ ಮೇಲೆ ಬಿಗಿದು ರಂಗಕ್ಕೆ ನೂಕಿದಳು. ಡೊಳ್ಳ ಡಾಕ್ಟರು ಮೊದಲ ಮಾತಿಗೇ ಜನರನ್ನು ನಗಿಸಿದ. ಪರದೆಯ ಹಿಂದೆ ಮುಖ್ಯ ನಟರು ತಲೆ ಕಾಣದ ನ್ಯಾಯಾಧೀಶರಾಗಿ, ಒಂದು ಕೈ ಮೇಲೆ ಮಾಡಿಕೊಂಡು ಆ ದೃಶ್ಯ ಮುಗಿಯುವವರೆಗೂ ನಿಂತಿದ್ದರು. ಅವರಿಲ್ಲವೆಂದು ಯಾರೂ ಕೂಗಲಿಲ್ಲ.

ಚಪ್ಪಾಳೆ ನಿಂತ ಮೇಲೆ ಮೇಷ್ಟ್ರು ಅಗಲವಾಗಿ ನಗುತ್ತಾ ಬಣ್ಣದ ಕೋಣೆಗೆ ಬಂದರು. ಎಲ್ಲರೂ ಅಲ್ಲೇ ಇದ್ದರು.

"ಅಂತೂ ಮನೆಯಿಂದ ತರಿಸಿದೆಯಲ್ಲಮ್ಮ ಹನ್ನೆರಡನ್ನೂ," ಎಂದರು ಲಾಡಿಯಕ್ಕನಿಗೆ. "ಎಲ್ಲ ಲೆಕ್ಕಕ್ಕೆ ಸರಿಯಾಗಿತ್ತು. ನಾನು ಕೊಟ್ಟ ಮಾತಿಗೆ ತಪ್ಪಲ್ಲ, ಯಾರಿಗೂ ಹೇಳಲ್ಲ."

ಮಧ್ಯಾಹ್ನದಿಂದ ಹಲ್ಲು ಕಚ್ಚಿ ಹಿಡಿದಿದ್ದ ಸಿಟ್ಟು ಲಾಡಿಯಕ್ಕನ ಗಂಟಲವರೆಗೆ ಬಂತು. ಆದರೆ ಕೂಗಾಡಲಿಲ್ಲ. "ಕೈ ಎತ್ತಿ," ಎಂದಳು.

"ಏನು?"

"ಎರಡೂ ಕೈ ಎತ್ತಿ ಮೇಷ್ಟ್ರೇ."

ಆ ದನಿಗೆ ಅವರ ಕೈ ತಾನಾಗಿ ಎದ್ದಿತು. ಅಷ್ಟರಲ್ಲಿ ಪೂರ್ತಿ ಬಿಚ್ಚಿದ್ದ ನಿಲುವಂಗಿ ಅವರ ಮೈಗೇರಿತು, ತೋಳು ಬಂತು, ಕಾಲರು ಬಂತು. ಭುಜ ಹಿಡಿದು ಕನ್ನಡಿಯ ಕಡೆ ತಿರುಗಿಸಿದಳು. "ಜಡ್ಜು." ಗಂಟು ಎಳೆದಳು, ತೋಳು ಬಿತ್ತು, ಬೆಲ್ಟ್ ಬಂತು. "ಅಂಗಡಿಯವನು." ಮೈಯಿಂದ ಕಳಚಿ, ತಿರುವಿ, ಮತ್ತೆ ಹಾಕಿದಳು. "ಡಾಕ್ಟರು." ಕಿತ್ತುಕೊಂಡು ಬರೀ ತೋಳನ್ನು ಏರಿಸಿದಳು. "ಗುಮಾಸ್ತ." ಲಂಗ ಕೊರಳಿಗೆ ಬಂತು, ತಲೆಗೆ ಬಂತು, ಸೊಂಟಕ್ಕೆ ಬಂತು. ಮೇಷ್ಟ್ರು ಗಿರಗಿರ ತಿರುಗುತ್ತಾ ಒಬ್ಬರಾದ ಮೇಲೆ ಒಬ್ಬರಾದರು. ಹನ್ನೆರಡು ಮುಗಿದಾಗ ಕೆಲಸದವಳ ಲಂಗ ಸೊಂಟದಲ್ಲಿ, ಪೋಸ್ಟ್‌ಮ್ಯಾನ್ ಟೋಪಿ ತಲೆಯಲ್ಲಿ, ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಕನ್ನಡಿ ನೋಡುತ್ತಾ ನಿಂತಿದ್ದರು.

"ನಿಮ್ಮ ಬಾಕಿ ಹನ್ನೆರಡು ಇಲ್ಲೇ ಇತ್ತು," ಎಂದಳು ಲಾಡಿಯಕ್ಕ. "ಮನೇಲಿ ಬಾಗಿಲಿಗೆ ಪರದೆ ಕೂಡ ಇಲ್ಲ ನಂಗೆ. ಅದೂ ಇಲ್ಲೇ ಇದೆ."

ಮೇಷ್ಟ್ರು ಟೋಪಿ ತೆಗೆದರು. ಕ್ಷಮಿಸು ಎನ್ನುವ ಮಾತು ನಾಲಿಗೆಯವರೆಗೆ ಬಂದಂತಿತ್ತು, ಹೊರಗೆ ಬಂದದ್ದು ಬೇರೆ. "ಹಾಗಾದ್ರೆ ನೀನು ಬರ್ಲೇಬೇಕಾಗುತ್ತೆ. ಆದ್ರೆ ಸೀಟು ಏಳೇ. ಯಾರಾದ್ರೂ ಒಬ್ಬರು ಉಳೀಬೇಕು."

"ಇವರನ್ನ ಬಿಡಿ," ಎಂದು ಅವಳು ಗಂಡನ ಕಡೆ ಕೈ ತೋರಿಸಿದಳು. ಸಿಟ್ಟಿನಲ್ಲಿ ಆಡಿದ ಮಾತು. "ಡೊಳ್ಳನಿಗೆ ಎಲ್ಲರ ಮಾತೂ ಬರುತ್ತೆ. ನನ್ನ ಬಟ್ಟೆ ಇದ್ರೆ ಐದು ಜನ ಸಾಕು."

ಮೇಷ್ಟ್ರು ಒಂದು ಕ್ಷಣ ಗಡ್ಡ ಕೆರೆದುಕೊಂಡರು. "ಅದೂ ಸರಿಯೇ," ಎಂದರು. "ಡೊಳ್ಳ ಇವತ್ತು ನಗಿಸಿದ್ದೂ ಚೆನ್ನಾಗಿತ್ತು. ಆಯ್ತು, ಇವರು ಉಳೀಲಿ."

ಅಷ್ಟೇ. ಇಪ್ಪತ್ತು ವರ್ಷ ತಂಡವನ್ನು ಹೆಗಲ ಮೇಲೆ ಹೊತ್ತ ನಟನನ್ನು ಬಿಡಲು ಅವರಿಗೆ ಗಡ್ಡ ಕೆರೆಯುವಷ್ಟು ಹೊತ್ತು ಸಾಕಾಯಿತು. ನಾಲ್ಕು ದಿನದ ಹಿಂದೆ ತನ್ನನ್ನು ಬಿಟ್ಟದ್ದೂ ಹೀಗೇ ಇರಬೇಕು ಎಂದು ಲಾಡಿಯಕ್ಕನಿಗೆ ಹೊಳೆಯಿತು. ಗಂಡ ತನ್ನ ಬೂದಿ ಅಂಗಿಯನ್ನು ಮಡಿಸತೊಡಗಿದ್ದ. ಮಡಿಕೆ ನೆಟ್ಟಗೆ ಬರುತ್ತಿರಲಿಲ್ಲ, ಬಿಡಿಸಿ ಮತ್ತೆ ಮಡಿಸುತ್ತಿದ್ದ. ಅವನ ಮೇಲಿನ ಸಿಟ್ಟು ಎಳ್ಳಷ್ಟೂ ಇಳಿದಿರಲಿಲ್ಲ. ಆದರೆ ಅವನನ್ನು ಹೀಗೆ ತಳ್ಳುವ ಹಕ್ಕು ಏನಿದ್ದರೂ ತನ್ನದು, ಈ ಮನುಷ್ಯನದಲ್ಲ.

"ಇಲ್ಲ," ಎಂದಳು. "ನಟರು ಆರೂ ಜನ ಬರ್ತಾರೆ. ಏಳನೇ ಸೀಟು ನಂದು."

"ಮತ್ತೆ ನಾನು?"

"ನೀವು ಮುಂದೆ ಕೂತು ನೋಡೋರು ಮೇಷ್ಟ್ರೇ. ನೋಡೋರು ಊರೂರಲ್ಲೂ ಸಿಗ್ತಾರೆ."

ಮೇಷ್ಟ್ರು ಸುತ್ತ ನೋಡಿದರು. "ತಂಡ ನಂದು," ಎಂದರು, ಸೊಂಟದ ಲಂಗ ಇನ್ನೂ ಹಾಗೇ ಇತ್ತು.

"ತಂಡ ನಿಮ್ಮದೇ. ಪೆಟ್ಟಿಗೆ ನಂದು."

ಚೋಟಿ ಎದ್ದು ಹೋಗಿ ಪೆಟ್ಟಿಗೆಯ ಮೇಲೆ ಕೂತಳು. ಡೊಳ್ಳ ಗಂಟಲು ಸರಿಮಾಡಿಕೊಂಡು, ಬಹಳ ಮರ್ಯಾದೆಯಿಂದ, "ಬಸ್ಸಿದೆ ಮೇಷ್ಟ್ರೇ. ಬೆಳಿಗ್ಗೆ ಆರಕ್ಕೆ ಬಿಡುತ್ತೆ, ನಮಗಿಂತ ಮುಂಚೆ ಸೇರ್ತೀರ," ಎಂದ. ಮೇಷ್ಟ್ರು ಲಂಗದ ಗಂಟು ಬಿಚ್ಚಲು ಹೋದರು. ತಪ್ಪು ಲಾಡಿ ಎಳೆದು ಅದನ್ನು ಇನ್ನೂ ಬಿಗಿ ಮಾಡಿಕೊಂಡರು. ಕೊನೆಗೆ ಚೋಟಿಯೇ ಬಂದು ಬಿಡಿಸಿದಳು. ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಅವರು ಬಾಗಿಲಲ್ಲಿ ನಿಂತು ಡೊಳ್ಳನನ್ನು ಮೆಲ್ಲಗೆ ಕೇಳಿದ್ದು ಎಲ್ಲರಿಗೂ ಕೇಳಿಸಿತು.

ಎಲ್ಲರೂ ಹೊರಟ ಮೇಲೆ ಗಂಡ ಹತ್ತಿರ ಬಂದು ಕೂತ. "ಲೇ," ಎಂದ. ಮುಂದೆ ಏನು ಹೇಳಬೇಕೋ ಅವನಿಗೆ ಯಾರೂ ಬರೆದುಕೊಟ್ಟಿರಲಿಲ್ಲ.

ಬಿಚ್ಚದೆ ಉಳಿದಿದ್ದ ಎರಡು ವೇಷಗಳನ್ನು ಲಾಡಿಯಕ್ಕ ಅವನ ತೊಡೆಯ ಮೇಲೆ ಹಾಕಿದಳು, ಕೈಗೆ ಅರ್ಧ ಬ್ಲೇಡು ಕೊಟ್ಟಳು.

"ವ್ಯಾನು ಹೊರಡೋದ್ರೊಳಗೆ ಎಲ್ಲಾ ಬಿಚ್ಚಿರಬೇಕು. ಒಂದು ಕಡೆ ಬಟ್ಟೆ ಹರಿದ್ರೂ ನೀವೂ ಬಸ್ಸಿಗೆ."